ಸ್ಟೀಮ್, ಎಪಿಕ್, ಗಾಗ್ ಅಂಗಡಿಗಳಲ್ಲಿ ಹಣ ಕೊಟ್ಟು ಪಡೆದ ಗೇಮ್‌ಗಳು ನನ್ನ ಸ್ವಂತದವೇ? ತಮ್ಮನಿಗೆ ಕೊಡಬಹುದೇ?

ನೀವು ಕೇಳಿರುವುದು ಇಷ್ಟು: ಜಮಖಂಡಿಯಲ್ಲಿರುವ ನೀವು ಕೆಲವು ವರ್ಷಗಳಿಂದ ಸ್ಟೀಮ್, ಎಪಿಕ್ ಮತ್ತು ಗಾಗ್ ಎಂಬ ಮೂರು ಆನ್‌ಲೈನ್ ಅಂಗಡಿಗಳಲ್ಲಿ ಪಿಸಿ ಗೇಮ್‌ಗಳನ್ನು ಖರೀದಿಸಿದ್ದೀರಿ, ಅವು ನಿಮ್ಮ ಸ್ವಂತದವೇ, ಬೇಡವಾದಾಗ ಮಾರಬಹುದೇ, ಬೆಳಗಾವಿಯ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದುತ್ತಿರುವ ತಮ್ಮನಿಗೆ ಕೊಡಬಹುದೇ, ಮುಂದಿನ ಖರೀದಿಯನ್ನು ಎಲ್ಲಿ ಮಾಡಿದರೆ ಒಳ್ಳೆಯದು. ಕಾನೂನಿನ ಲೆಕ್ಕದಲ್ಲಿ ಮೂರೂ ಅಂಗಡಿಗಳು ನಿಮಗೆ ಕೊಟ್ಟಿರುವುದು ಪರವಾನಗಿಯನ್ನೇ. ಬಳಕೆಯಲ್ಲಿ ಮಾತ್ರ ಅವುಗಳ ನಡುವೆ ದೊಡ್ಡ ಅಂತರವಿದೆ, ಮತ್ತು ಆ ಅಂತರವನ್ನು ಕರಾರಿನ ಪುಟಗಳಲ್ಲಿ ಹುಡುಕುವುದಕ್ಕಿಂತ ನಿಮ್ಮ ಹಾರ್ಡ್ ಡಿಸ್ಕಿನಲ್ಲಿರುವ ಫೈಲಿನಲ್ಲಿ ಹುಡುಕುವುದು ಲೇಸು: ಅಂಗಡಿಯ ಅಪ್ಪಣೆ ಕೇಳದೆ ಆ ಫೈಲು ಓಡುತ್ತದೆಯೇ ಎಂಬುದೇ ನೀವು ನೋಡಬೇಕಾದ ಸಂಗತಿ.

ನಾನು ಬೆಳಗಾವಿಯಲ್ಲಿ ವಕೀಲಿ ಮಾಡುವವನು. ಬಾಡಿಗೆ ಕರಾರು, ಖರೀದಿ ಪತ್ರಗಳನ್ನು ಬರೆಯುವುದು ನಿತ್ಯದ ಕೆಲಸ, ಗೇಮ್ ಆಡುವುದು ಕಾಲೇಜಿನ ದಿನಗಳಿಂದ ಅಂಟಿದ ಚಟ. ನಮ್ಮ ಗಡಿಭಾಗದಲ್ಲಿ ಮಹಾರಾಷ್ಟ್ರದ ರೂಢಿಯಂತೆ ‘ಲೀವ್ ಅಂಡ್ ಲೈಸೆನ್ಸ್’, ಎಂದರೆ ವಾಸಕ್ಕೆ ಅನುಮತಿಯನ್ನಷ್ಟೇ ಕೊಡುವ ಕರಾರಿನ ಮೇಲೆ ಮನೆ ಕೊಡುವವರಿದ್ದಾರೆ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಇಂಥ ಲೈಸೆನ್ಸ್ ಪಡೆದವನಿಗೆ ಆ ಆಸ್ತಿಯಲ್ಲಿ ಯಾವ ಹಕ್ಕುದಾರಿಕೆಯೂ ಹುಟ್ಟುವುದಿಲ್ಲ; ಅವನು ಅದನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ, ಮತ್ತು ಕೆಲವು ಅಪವಾದಗಳನ್ನು ಬಿಟ್ಟರೆ ಕೊಟ್ಟವರು ಅದನ್ನು ಹಿಂದಕ್ಕೆ ಪಡೆಯಬಹುದು. ಆ ಕಾಯ್ದೆ ಸ್ಥಿರಾಸ್ತಿಗೆ ಸಂಬಂಧಿಸಿದ್ದೇ ಹೊರತು ಗೇಮ್‌ಗಳಿಗೆ ಅನ್ವಯಿಸುವುದಿಲ್ಲ. ಆದರೂ ಸ್ಟೀಮ್‌ನ ಚಂದಾದಾರರ ಕರಾರನ್ನು ಪೂರ್ತಿಯಾಗಿ ಓದಿದವರಿಗೆ ಅದರ ಧಾಟಿ ಇದೇ ಎಂದು ತಿಳಿಯುತ್ತದೆ. ಅದರಲ್ಲಿ ಗೇಮ್‌ಗಳನ್ನು ಮಾರಲಾಗಿಲ್ಲ, ಬಳಸಲು ಪರವಾನಗಿ ನೀಡಲಾಗಿದೆ ಎಂದು ನೇರವಾಗಿಯೇ ಬರೆದಿದೆ. ಖಾತೆಯನ್ನು ಮಾರುವುದಕ್ಕಾಗಲಿ ಬೇರೆಯವರಿಗೆ ವರ್ಗಾಯಿಸುವುದಕ್ಕಾಗಲಿ ಅವಕಾಶವಿಲ್ಲ.

ಇದು ಹೊಸ ಮಾತಲ್ಲ. ಹೊಸದೆಂದರೆ, 2024ರ ಅಕ್ಟೋಬರ್‌ನಿಂದ ಸ್ಟೀಮ್ ಹಣ ಪಾವತಿಸುವ ಪುಟದಲ್ಲೇ ಇದನ್ನು ತಿಳಿಸತೊಡಗಿದ್ದು. ಅದಕ್ಕೆ ಸ್ವಲ್ಪ ಮೊದಲು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಒಂದು ಕಾನೂನನ್ನು ಮಾಡಿತ್ತು: ಡಿಜಿಟಲ್ ಸರಕಿಗೆ ‘ಖರೀದಿಸಿ’ ಎಂಬ ಗುಂಡಿ ಇಡುವ ಅಂಗಡಿ, ಗ್ರಾಹಕನಿಗೆ ಸಿಗುತ್ತಿರುವುದು ಪರವಾನಗಿ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು. ಈ ಕಾನೂನು 2025ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಲ್ಲಿರುವ ಒಂದು ವಿನಾಯಿತಿ ನನಗೆ ಮುಖ್ಯವೆನಿಸುತ್ತದೆ. ಇಂಟರ್‌ನೆಟ್ ಸಂಪರ್ಕವಿಲ್ಲದೆ ಬಳಸಬಹುದಾದ ರೀತಿಯಲ್ಲಿ, ಹೊರಗಿನ ಡಿಸ್ಕಿಗೆ ಶಾಶ್ವತವಾಗಿ ಇಳಿಸಿಕೊಳ್ಳಲು ಕೊಡುವ, ಆಮೇಲೆ ಅಂಗಡಿ ಹಿಂದಕ್ಕೆ ಪಡೆಯಲಾಗದ ಸರಕಿಗೆ ಈ ಸೂಚನೆಯ ಅಗತ್ಯವಿಲ್ಲ. ಅಂದರೆ ಆ ಶಾಸಕರು ಕೂಡ ಗೆರೆ ಎಳೆದದ್ದು ಫೈಲು ಯಾರ ಕೈಯಲ್ಲಿದೆ ಎಂಬಲ್ಲಿಯೇ.

ಪರವಾನಗಿ ಎಂದರೆ ಬರೀ ಕಾಗದದ ಮಾತು, ಯಾರೂ ಗೇಮ್ ಕಿತ್ತುಕೊಳ್ಳುವುದಿಲ್ಲ ಎನ್ನುವವರಿಗೆ ಯೂಬಿಸಾಫ್ಟ್ ಕಂಪನಿಯ ‘ದಿ ಕ್ರ್ಯೂ’ ಉದಾಹರಣೆ ಸಾಕು. 2014ರ ಡಿಸೆಂಬರ್‌ನಲ್ಲಿ ಬಂದ ಈ ಕಾರ್ ರೇಸಿಂಗ್ ಗೇಮನ್ನು ಒಬ್ಬರೇ ಆಡಬಹುದಾಗಿತ್ತು, ಆದರೆ ಅದಕ್ಕೂ ಕಂಪನಿಯ ಸರ್ವರ್ ಬೇಕಾಗಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು. ಕೆಲವೇ ದಿನಗಳಲ್ಲಿ ಖರೀದಿದಾರರ ಪರವಾನಗಿಗಳೂ ರದ್ದಾದವು. ಡಿಸ್ಕ್ ಕೊಂಡು ಕಪಾಟಿನಲ್ಲಿ ಇಟ್ಟುಕೊಂಡವರಿಗೂ ಅದರಿಂದ ಏನೂ ಉಪಯೋಗವಾಗಲಿಲ್ಲ. ಇದರಿಂದಲೇ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿ ಹುಟ್ಟಿ, ಯುರೋಪಿನ ನಾಗರಿಕರ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಇಷ್ಟು ದೊಡ್ಡದಲ್ಲದ ನಷ್ಟಗಳೂ ಇವೆ. ‘ಗ್ರ್ಯಾಂಡ್ ಥೆಫ್ಟ್ ಆಟೋ 4’ ಬಂದು 10 ವರ್ಷವಾದಾಗ ಅದರ ರೇಡಿಯೊ ಹಾಡುಗಳ ಕರಾರು ಮುಗಿಯಿತು. 2018ರಲ್ಲಿ ಒಂದು ಅಪ್‌ಡೇಟ್ ಬಂದು, ಮೊದಲೇ ಹಣ ಕೊಟ್ಟಿದ್ದವರ ಪ್ರತಿಗಳಿಂದಲೂ ಹಲವು ಹಾಡುಗಳು ಮಾಯವಾದವು. ಗೇಮ್ ಉಳಿಯಿತು, ಕೊಂಡದ್ದು ಪೂರ್ತಿ ಉಳಿಯಲಿಲ್ಲ.

ಈಗ ಗಾಗ್ ವಿಷಯ. 2008ರಲ್ಲಿ ಹಳೆಯ ಗೇಮ್‌ಗಳನ್ನು ಮಾರುವುದರೊಂದಿಗೆ ಶುರುವಾದ ಈ ಪೋಲೆಂಡಿನ ಅಂಗಡಿ, ಡಿಜಿಟಲ್ ಬೀಗ ಹಾಕದೆ, ಎಂದರೆ ಡಿಆರ್‌ಎಂ ಇಲ್ಲದೆ ಗೇಮ್ ಕೊಡುತ್ತದೆ. ಅದರ ಕರಾರಿನಲ್ಲೂ ನಿಮಗೆ ಸಿಗುವುದು ವೈಯಕ್ತಿಕ ಬಳಕೆಯ ಪರವಾನಗಿಯೇ, ಆದ್ದರಿಂದ ಕೆಲವರು ಹೇಳುವಂತೆ ‘ಗಾಗ್‌ನಲ್ಲಿ ಗೇಮ್ ನಮ್ಮ ಸ್ವತ್ತು’ ಎಂಬ ಮಾತು ಸರಿಯಲ್ಲ. ಆದರೆ ಆಫ್‌ಲೈನ್ ಇನ್‌ಸ್ಟಾಲರನ್ನು, ಎಂದರೆ ನೆಟ್ ಇಲ್ಲದೆಯೂ ಗೇಮನ್ನು ಅಳವಡಿಸುವ ಫೈಲನ್ನು, ಒಮ್ಮೆ ನಿಮ್ಮ ಡಿಸ್ಕಿಗೆ ಇಳಿಸಿಕೊಂಡ ಮೇಲೆ ಅದನ್ನು ದೂರದಿಂದ ನಿಲ್ಲಿಸುವ ದಾರಿ ಯಾರಿಗೂ ಇಲ್ಲ, ಮತ್ತು ನನ್ನಂಥವನಿಗೆ ಅಷ್ಟು ಸಾಕು. ಇಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ. ಗಾಗ್‌ನಲ್ಲಿ ಖರೀದಿಸಿ, ಇನ್‌ಸ್ಟಾಲರನ್ನು ಇಳಿಸಿಕೊಳ್ಳದೆ ಖಾತೆಯಲ್ಲೇ ಬಿಟ್ಟರೆ ನೀವು ಸ್ಟೀಮ್ ಗ್ರಾಹಕರಿಗಿಂತ ಹೆಚ್ಚು ಸುರಕ್ಷಿತರೇನೂ ಅಲ್ಲ. ದೊಡ್ಡ ಗೇಮ್‌ಗಳ ಇನ್‌ಸ್ಟಾಲರ್ ಸುಮಾರು 4 ಜಿಬಿಯ ತುಂಡುಗಳಾಗಿ ಬರುತ್ತದೆ. ಒಂದು ತುಂಡು ತಪ್ಪಿದರೂ ಉಳಿದವು ನಿರರ್ಥಕ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಇದು ಆಗುವ ಕೆಲಸವಲ್ಲವಾದ್ದರಿಂದ, ಫೈಬರ್ ಇರುವ ಮನೆಯಲ್ಲಿ ಕುಳಿತು ಎಲ್ಲವನ್ನೂ ಇಳಿಸಿ, ನೆಟ್ ಆಫ್ ಮಾಡಿ, ಒಮ್ಮೆ ನಿಜಕ್ಕೂ ಇನ್‌ಸ್ಟಾಲ್ ಮಾಡಿ ನೋಡಿ. ಅಪ್‌ಡೇಟ್ ಬಂದಾಗ ನೀವು ಇಳಿಸಿಟ್ಟ ಪ್ರತಿ ತಾನಾಗಿ ಹೊಸದಾಗುವುದಿಲ್ಲ ಎಂಬುದೂ ನೆನಪಿರಲಿ. ಹಲವರು ಸೇರಿ ಆನ್‌ಲೈನ್‌ನಲ್ಲಿ ಆಡುವ ಭಾಗಕ್ಕೆ ಗಾಗ್‌ನಲ್ಲೂ ಸರ್ವರ್ ಬೇಕಾಗಬಹುದು.

ಹಾಗೆಂದು ಸ್ಟೀಮ್, ಎಪಿಕ್‌ಗಳಲ್ಲಿರುವುದೆಲ್ಲ ಬೀಗದೊಳಗಿನ ಸರಕೇ ಎಂದುಕೊಳ್ಳಬೇಡಿ. ಬೀಗ ಹಾಕುವುದೂ ಬಿಡುವುದೂ ಗೇಮ್ ತಯಾರಕರ ಇಚ್ಛೆಗೆ ಬಿಟ್ಟದ್ದು. ಸ್ಟೀಮ್‌ನಲ್ಲಿ ಕೊಂಡ ಎಷ್ಟೋ ಚಿಕ್ಕ ಗೇಮ್‌ಗಳ ಫೋಲ್ಡರನ್ನು ನಕಲು ಮಾಡಿಟ್ಟುಕೊಂಡರೆ ಸ್ಟೀಮ್ ಇಲ್ಲದೆಯೂ ನೇರವಾಗಿ ಓಡುತ್ತವೆ. ಡೆನುವೊದಂಥ ಹೊರಗಿನ ಡಿಆರ್‌ಎಂ ಇದ್ದರೆ, ಬೇರೊಂದು ಕಂಪನಿಯ ಖಾತೆ ಬೇಕಿದ್ದರೆ, ಅದನ್ನು ಗೇಮ್‌ನ ಮಾರಾಟದ ಪುಟದ ಬಲಬದಿಯಲ್ಲಿ ನಮೂದಿಸಿರುತ್ತಾರೆ. ಖರೀದಿಗೆ ಮೊದಲು ಆ ಸಾಲನ್ನು ಓದದೆ ಮುಂದೆ ಹೋಗಬಾರದು. ಸ್ಟೀಮ್‌ಗೆ ಆಫ್‌ಲೈನ್ ವಿಧಾನವಿದ್ದರೂ ಅದು ಸ್ಟೀಮ್ ತಂತ್ರಾಂಶ ನಿಮ್ಮ ಯಂತ್ರದಲ್ಲಿ ಓಡುವವರೆಗಿನ ಮಾತು. 2024ರ ಜನವರಿ 1ರಿಂದ ವಿಂಡೋಸ್ 7, 8 ಮತ್ತು 8.1ಕ್ಕೆ ಸ್ಟೀಮ್ ಬೆಂಬಲ ನಿಲ್ಲಿಸಿದೆ. ವಿಂಡೋಸ್ 7ರ ಕಾಲದಲ್ಲಿ ಕೊಂಡ ಗೇಮನ್ನು ಅದೇ ಹಳೆಯ ಕಂಪ್ಯೂಟರಿನಲ್ಲಿ ಆಡಬೇಕೆನ್ನುವವರಿಗೆ ಗೇಮ್ ಅಡ್ಡಿಯಲ್ಲ, ಅಂಗಡಿ ಅಡ್ಡಿ. ಎಪಿಕ್ ವಾರವಾರ ಉಚಿತವಾಗಿ ಕೊಡುವ ಗೇಮ್‌ಗಳಿಗೂ ನಿಯಮ ಇದೇ, ಆದರೆ ಪುಕ್ಕಟೆ ಬಂದದ್ದಕ್ಕೆ ನಾನು ತಕರಾರು ತೆಗೆಯುವುದಿಲ್ಲ.

ಮಾರುವ ಪ್ರಶ್ನೆಗೆ ಉತ್ತರ ‘ಇಲ್ಲ’. ಆದರೆ ಅದರ ಹಿಂದೆ ಕುತೂಹಲದ ಇತಿಹಾಸವಿದೆ. ಹಣ ಕೊಟ್ಟು ಡೌನ್‌ಲೋಡ್ ಮಾಡಿಕೊಂಡ, ಕಾಲಮಿತಿಯಿಲ್ಲದ ತಂತ್ರಾಂಶದ ಪರವಾನಗಿಯನ್ನು ಮರುಮಾರಾಟ ಮಾಡಬಹುದೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2012ರಲ್ಲಿ ಯೂಸ್ಡ್‌ಸಾಫ್ಟ್ ಪ್ರಕರಣದಲ್ಲಿ ಹೇಳಿತು. ಅದೇ ತರ್ಕವನ್ನು ಹಿಡಿದು ಫ್ರಾನ್ಸಿನ ಒಂದು ಗ್ರಾಹಕ ಸಂಘಟನೆ ಸ್ಟೀಮ್‌ನ ಮಾಲೀಕ ಕಂಪನಿ ವಾಲ್ವ್ ಮೇಲೆ ದಾವೆ ಹೂಡಿ 2019ರಲ್ಲಿ ಪ್ಯಾರಿಸ್‌ನಲ್ಲಿ ಗೆದ್ದಿತು. 2022ರಲ್ಲಿ ಮೇಲ್ಮನವಿಯಲ್ಲಿ ಸೋತಿತು. 2024ರಲ್ಲಿ ಅಲ್ಲಿನ ಉನ್ನತ ನ್ಯಾಯಾಲಯವೂ ಆ ಸೋಲನ್ನೇ ಎತ್ತಿಹಿಡಿಯಿತು. ಗೇಮ್ ಎಂದರೆ ಬರೀ ತಂತ್ರಾಂಶವಲ್ಲ, ಚಿತ್ರ, ಸಂಗೀತ, ಕಥೆ ಎಲ್ಲ ಸೇರಿದ ಕೃತಿ ಎಂಬುದು ಸೋಲಿಗೆ ಮುಖ್ಯ ಕಾರಣ. ನಮ್ಮಲ್ಲಿ ಸುಪ್ರೀಂ ಕೋರ್ಟ್ ಎಂಜಿನಿಯರಿಂಗ್ ಅನಾಲಿಸಿಸ್ ಪ್ರಕರಣದಲ್ಲಿ, ವಿದೇಶಿ ತಂತ್ರಾಂಶಕ್ಕೆ ಬಳಕೆದಾರರು ಕೊಡುವ ಹಣ ಕೃತಿಸ್ವಾಮ್ಯದ ರಾಯಧನವಲ್ಲ, ತಂತ್ರಾಂಶದ ಒಂದು ಪ್ರತಿಯ ಬೆಲೆ ಎಂದು 2021ರಲ್ಲಿ ತೀರ್ಪಿತ್ತಿದೆ. ಓದಿದಾಗ ಹುಮ್ಮಸ್ಸು ಬರುವ ತೀರ್ಪು, ನಿಜ. ಆದರೆ ಅದು ಆದಾಯ ತೆರಿಗೆಯ ವಿವಾದ. ಅದನ್ನು ತೋರಿಸಿ ಸ್ಟೀಮ್ ಖಾತೆಯನ್ನು ಮಾರಲು ಹೊರಟರೆ ತೀರ್ಪಿನ ಪ್ರತಿ ಕೈಯಲ್ಲಿದ್ದರೂ ಖಾತೆ ಬಂದ್ ಆಗಿರುತ್ತದೆ. ಮರುಮಾರಾಟವೇ ನಿಮಗೆ ಮುಖ್ಯವಾದರೆ ಡಿಸ್ಕ್ ಹಾಕುವ ಕನ್ಸೋಲ್ ತೆಗೆದುಕೊಳ್ಳಿ. ಬೆಳಗಾವಿಯಲ್ಲಿ ಬಳಸಿದ ಡಿಸ್ಕುಗಳಿಗೆ ಗಿರಾಕಿಗಳು ಈಗಲೂ ಸಿಗುತ್ತಾರೆ.

ಬ್ಯಾಕಪ್ ಬಗ್ಗೆ ನೀವು ಕೇಳಿಲ್ಲವಾದರೂ ಹೇಳುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿರುವವರು ನಷ್ಟ, ನಾಶ, ಹಾನಿಯಿಂದ ತಾತ್ಕಾಲಿಕ ರಕ್ಷಣೆಗಾಗಿ ಬ್ಯಾಕಪ್ ಪ್ರತಿ ಮಾಡಿಕೊಳ್ಳುವುದನ್ನು ಒಪ್ಪುತ್ತದೆ. ಬೀಗ ಮುರಿಯುವುದು ಬೇರೆ ಮಾತು: 2012ರ ತಿದ್ದುಪಡಿಯಿಂದ ಬಂದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಆರ್‌ಎಂ ಮುರಿದವರಿಗೆ 2 ವರ್ಷಗಳವರೆಗೆ ಜೈಲುಶಿಕ್ಷೆಯಾಗಬಹುದು. ಗಾಗ್‌ನ ಇನ್‌ಸ್ಟಾಲರ್ ಬೀಗವಿಲ್ಲದ್ದಾದರೂ ಅದನ್ನು ಹಾಸ್ಟೆಲಿನ ಹತ್ತು ಹುಡುಗರಿಗೆ ಹಂಚುವುದು ಪರವಾನಗಿಯ ಉಲ್ಲಂಘನೆಯೇ.

ಹೀಗಾಗಿ ಮುಂದೆ ಕೊಳ್ಳುವಾಗ, ಒಬ್ಬರೇ ಆಡುವ, ಮತ್ತೆ ಮತ್ತೆ ಆಡಬೇಕೆನಿಸುವ ಗೇಮ್ ಗಾಗ್‌ನಲ್ಲಿದ್ದರೆ ಬೆಲೆ ತುಸು ಹೆಚ್ಚಾದರೂ ಅಲ್ಲೇ ಕೊಳ್ಳಿ. ಸ್ನೇಹಿತರೊಂದಿಗೆ ಆನ್‌ಲೈನ್‌ನಲ್ಲಿ ಆಡುವ ಗೇಮ್‌ಗೆ ಹೇಗೂ ಸರ್ವರ್ ಇದ್ದಷ್ಟೇ ಆಯುಸ್ಸು, ಅದನ್ನು ಅಗ್ಗವಾಗಿ ಸಿಕ್ಕ ಕಡೆ ಕೊಳ್ಳಿ. ಸ್ಟೀಮ್‌ನಲ್ಲಿ ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು.

ತಮ್ಮನ ವಿಷಯದಲ್ಲಿ ಪಾಸ್‌ವರ್ಡ್ ಕೊಟ್ಟು ಕೈತೊಳೆದುಕೊಳ್ಳಬೇಡಿ. ಸ್ಟೀಮ್‌ನಲ್ಲಿ 2024ರಿಂದ ‘ಫ್ಯಾಮಿಲೀಸ್’ ಎಂಬ ಏರ್ಪಾಡಿದೆ. ಒಟ್ಟು 6 ಮಂದಿ ಸೇರಬಹುದು, ನೀವು ಒಂದು ಗೇಮ್ ಆಡುತ್ತಿರುವಾಗಲೇ ಅವನು ನಿಮ್ಮ ಇನ್ನೊಂದು ಗೇಮನ್ನು ತನ್ನದೇ ಖಾತೆಯಿಂದ ಆಡಬಹುದು. ಕೆಲವು ತಯಾರಕರು ತಮ್ಮ ಗೇಮನ್ನು ಇದರಿಂದ ಹೊರಗಿಟ್ಟಿರುತ್ತಾರೆ. ಈ ಸೌಲಭ್ಯ ಒಂದೇ ಮನೆಯ ಹತ್ತಿರದ ಸಂಬಂಧಿಗಳಿಗೆಂದು ಮಾಡಿದ್ದು. ಹಾಸ್ಟೆಲಿನಲ್ಲಿದ್ದರೂ ತಮ್ಮ ತಮ್ಮನೇ, ಆದ್ದರಿಂದ ಅವನನ್ನು ಸೇರಿಸುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ, ಅವನ ರೂಮ್‌ಮೇಟನ್ನು ಸೇರಿಸುವುದರಲ್ಲಿ ಕಾಣುತ್ತದೆ. ಒಮ್ಮೆ ಬಿಟ್ಟು ಹೋದವರು ಬೇರೆ ಗುಂಪಿಗೆ ಸೇರಬೇಕಾದರೆ, ಹಿಂದಿನ ಗುಂಪಿಗೆ ಸೇರಿದ ದಿನದಿಂದ 1 ವರ್ಷ ಕಳೆದಿರಬೇಕು. ಇನ್ನೂ ಒಂದು ಎಚ್ಚರಿಕೆ: ಅವನು ನಿಮ್ಮ ಪ್ರತಿಯಲ್ಲಿ ಮೋಸದಾಟ ಆಡಿ ಸಿಕ್ಕಿಬಿದ್ದರೆ ಆ ಗೇಮ್‌ನಲ್ಲಿ ನಿಮಗೂ ನಿಷೇಧ ಬೀಳುತ್ತದೆ. ಖಂಡಿತ ಅವನದೇ ಆಗಬೇಕಾದ ಗೇಮ್ ಇದ್ದರೆ ಕೊಳ್ಳುವಾಗಲೇ ಅವನ ಖಾತೆಗೆ ಉಡುಗೊರೆಯಾಗಿ ಕಳಿಸಿ. ನಿಮ್ಮ ಖಾತೆಗೆ ಒಮ್ಮೆ ಸೇರಿದ್ದನ್ನು ಆಮೇಲೆ ಅವನ ಖಾತೆಗೆ ವರ್ಗಾಯಿಸಲು ಆಗುವುದಿಲ್ಲ.