ಐದು ತಿಂಗಳಾಯ್ತು, ಮೊದಲ ಮೊಟ್ಟೆ ಯಾವಾಗ?

ಪ್ರಶ್ನೆ: ಡಾಕ್ಟ್ರೇ, ಹಿತ್ತಲಲ್ಲಿ ಆರು ಹ್ಯಾಟೆ (ಎಳೆಯ ಹೆಣ್ಣು ಕೋಳಿ) ಸಾಕಿದ್ದೇನೆ. ಒಂದು ದಿನದ ಮರಿ ಇದ್ದಾಗ ತಂದದ್ದು. ಈಗ 22 ವಾರ ತುಂಬಿದೆ. ಒಂದೂ ಮೊಟ್ಟೆ ಇಟ್ಟಿಲ್ಲ. ನನ್ನ ಜೊತೆಗೇ ಮರಿ ತಂದ ನಮ್ಮ ಅಕ್ಕನ ಮನೆಯಲ್ಲಿ 19ನೇ ವಾರಕ್ಕೇ ಶುರುವಾಯ್ತು. ಅವರದು ಬಿಳಿ ಲೆಗ್‌ಹಾರ್ನ್. ನಮ್ಮವು ದಪ್ಪ ಮೈಯ ಆರ್ಪಿಂಗ್ಟನ್. ಬೇಗ ಮೊಟ್ಟೆಗೆ ಬರಲಿ ಅಂತ 14ನೇ ವಾರದಿಂದಲೇ ಲೇಯರ್ ಫೀಡ್ (ಮೊಟ್ಟೆ ಕೋಳಿಯ ಮೇವು) ಕೊಡುತ್ತಿದ್ದೇನೆ. ದಿನಕ್ಕೆ ಮೂರು ಸಲ ಗೂಡು ನೋಡುತ್ತೇನೆ. ಮಕ್ಕಳೂ ದಿನಾ ಕೇಳುತ್ತಾರೆ. ನಮ್ಮ ಕೋಳಿಗಳಿಗೆ ಏನಾದರೂ ತೊಂದರೆ ಇದೆಯಾ?

ಉತ್ತರ: ನೀವು ಬರೆದದ್ದರಲ್ಲಿ ರೋಗದ ಲಕ್ಷಣ ಒಂದೂ ಇಲ್ಲ. ಮೊದಲು ಆ ಭಯ ಬಿಡಿ. ಆದರೆ ಆ ಫೀಡ್ ವಿಷಯ ಮಾತ್ರ ಇವತ್ತೇ ಸರಿ ಮಾಡಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಅಕ್ಕನ ಕೋಳಿಗೂ ನಿಮ್ಮ ಕೋಳಿಗೂ ಹೋಲಿಕೆ ಬೇಡ. ಲೆಗ್‌ಹಾರ್ನ್ ಹಗುರ ಮೈಯ ತಳಿ. ಬೇಗ ಬೆಳೆಯುತ್ತದೆ, 18ರಿಂದ 20 ವಾರಕ್ಕೆ ಮೊಟ್ಟೆಗೆ ಬರುವುದು ಸಾಮಾನ್ಯ. ಆರ್ಪಿಂಗ್ಟನ್‌ನಂಥ ದಪ್ಪ ತಳಿಗಳು ಮೊದಲು ಮೈ ಕಟ್ಟಿಕೊಳ್ಳುತ್ತವೆ, ಮೊಟ್ಟೆಯ ಮಾತು ಆಮೇಲೆ. 24ರಿಂದ 28 ವಾರ ಹಿಡಿದರೂ ಅದು ತಡ ಅಲ್ಲ. ಬ್ರಹ್ಮ ತಳಿಯಾದರೆ ಏಳು ತಿಂಗಳು ದಾಟುವುದೂ ಉಂಟು. ಒಂದೇ ದಿನ ಹುಟ್ಟಿದ ಆರು ಹ್ಯಾಟೆಗಳಲ್ಲೇ ಮೊದಲನೆಯದಕ್ಕೂ ಕೊನೆಯದಕ್ಕೂ ಒಂದು ತಿಂಗಳ ಅಂತರ ಇರಬಹುದು.

ನೀವು ಖಾಲಿ ಗೂಡು ನೋಡುತ್ತಿರುವ ಈ ದಿನಗಳಲ್ಲಿ ಕೋಳಿಯ ಮೈಯೊಳಗೆ ಎಷ್ಟು ಕೆಲಸ ನಡೆಯುತ್ತಿರುತ್ತದೆ ಅನ್ನೋದನ್ನು ಸ್ವಲ್ಪ ಹೇಳಬೇಕು. ಅದು ಗೊತ್ತಾದರೆ ಕಾಯುವುದು ಸುಲಭವಾಗುತ್ತದೆ. ಎಳೆಯ ಹ್ಯಾಟೆಯಲ್ಲಿ ಮೊಟ್ಟೆಯ ನಾಳ ಸಣ್ಣ ದಾರದ ಹಾಗಿರುತ್ತದೆ. ಮೊಟ್ಟೆಗೆ ಬರುವ ಹೊತ್ತಿಗೆ ಅದು 60 ಸೆಂಟಿಮೀಟರಿಗೂ ಉದ್ದ ಬೆಳೆದು ದಪ್ಪವಾಗಿರುತ್ತದೆ. ಜೊತೆಗೆ ಮೂಳೆಗಳಲ್ಲೂ ಒಂದು ಬದಲಾವಣೆ. ಮೊದಲ ಮೊಟ್ಟೆಗೆ ಸುಮಾರು ಎರಡು ವಾರ ಇರುವಾಗ ಕೋಳಿ ತನ್ನ ಕಾಲಿನ ಮೂಳೆಗಳ ಟೊಳ್ಳಿನಲ್ಲಿ ಕ್ಯಾಲ್ಸಿಯಂ ಕೂಡಿಡಲು ಶುರು ಮಾಡುತ್ತದೆ. ಯಾಕೆ ಗೊತ್ತಾ? ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಚಿಪ್ಪು ಹೆಚ್ಚಾಗಿ ಕಟ್ಟುವುದು ರಾತ್ರಿ. ಆಗ ಕೋಳಿ ಏನೂ ತಿನ್ನುತ್ತಿರುವುದಿಲ್ಲ. ಹಾಗಾಗಿ ಮೂಳೆಯಲ್ಲಿ ಕೂಡಿಟ್ಟದ್ದನ್ನೇ ತೆಗೆದು ಬಳಸುತ್ತದೆ. ಈ ಸಂಗ್ರಹ ಆಗುವ ಮೊದಲೇ ಮೊಟ್ಟೆಗೆ ಬಂದರೆ ಮುಂದೆ ನರಳುವುದು ಕೋಳಿಯೇ.

ಇನ್ನು ನಿಮ್ಮ ಲೇಯರ್ ಫೀಡ್. ಅದರಲ್ಲಿ ಸುಮಾರು 3.5ರಿಂದ 4 ಶೇಕಡಾ ಕ್ಯಾಲ್ಸಿಯಂ ಇರುತ್ತದೆ. ಬೆಳೆಯುವ ಹ್ಯಾಟೆಗೆ ಬೇಕಾದದ್ದು 1 ಶೇಕಡಾ ಆಸುಪಾಸು. ಚಿಪ್ಪು ಕಟ್ಟದ ಕೋಳಿ ಆ ಹೆಚ್ಚಿನ ಕ್ಯಾಲ್ಸಿಯಂ ಏನು ಮಾಡಬೇಕು? ಮೂತ್ರಪಿಂಡದ ಮೂಲಕ ಹೊರಗೆ ಹಾಕಬೇಕು. ತಿಂಗಳುಗಟ್ಟಲೆ ಹೀಗೇ ನಡೆದರೆ ಮೂತ್ರಪಿಂಡ ಹಾಳಾಗಬಹುದು, ಮತ್ತು ಅದು ಹೊರಗಿನಿಂದ ಬೇಗ ಗೊತ್ತಾಗುವುದಿಲ್ಲ. ಎಲ್ಲ ಕೋಳಿಗೂ ಹಾಗೇ ಆಗುತ್ತದೆ ಅಂತಲ್ಲ, ಆದರೂ ಇವತ್ತಿನಿಂದ ಬೆಳೆಯುವ ಕೋಳಿಗೆ ಕೊಡುವ ಗ್ರೋವರ್ ಫೀಡಿಗೆ ಬದಲಾಯಿಸಿ. ಬೇರೆ ಬಟ್ಟಲಲ್ಲಿ ಕಪ್ಪೆಚಿಪ್ಪಿನ ಚೂರು ಇಡಿ. ಬೇಕಾದ ಕೋಳಿ ತಾನೇ ಹೋಗಿ ತಿನ್ನುತ್ತದೆ, ಬೇಡದ್ದು ಮುಟ್ಟುವುದಿಲ್ಲ. ಪುಡಿಗಿಂತ ದಪ್ಪ ಚೂರು ಒಳ್ಳೆಯದು. ಅದು ಹೊಟ್ಟೆಯಲ್ಲಿ ನಿಧಾನವಾಗಿ ಕರಗಿ ರಾತ್ರಿಯಿಡೀ ಒದಗುತ್ತದೆ. ಮೊದಲ ಮೊಟ್ಟೆ ಕಂಡ ಮೇಲೆ ಲೇಯರ್ ಫೀಡ್ ಶುರು ಮಾಡಿ. ಲೇಯರ್ ಫೀಡ್ ಕೊಟ್ಟರೆ ಬೇಗ ಮೊಟ್ಟೆ ಇಡುತ್ತದೆ ಅನ್ನೋ ನಂಬಿಕೆ ತುಂಬಾ ಜನರಿಗಿದೆ. ಅದು ತಪ್ಪು. ಅದು ಮೊಟ್ಟೆ ಇಡುವ ಕೋಳಿಯ ಆಹಾರ, ಮೊಟ್ಟೆ ತರಿಸುವ ಆಹಾರ ಅಲ್ಲ.

ಹಾಗಾದರೆ ಹತ್ತಿರ ಬಂದಿದೆ ಅಂತ ತಿಳಿಯುವುದು ಹೇಗೆ? ಗೂಡು ನೋಡುವುದಕ್ಕಿಂತ ಕೋಳಿಯನ್ನು ನೋಡಿ. ಜುಟ್ಟು ಮಾಸಲು ಗುಲಾಬಿ ಬಣ್ಣದಲ್ಲಿ, ಚಿಕ್ಕದಾಗಿ ಇದ್ದರೆ ಇನ್ನೂ ಸಮಯ ಇದೆ. ಜುಟ್ಟೂ ಗಲ್ಲದ ಕೆಳಗಿನ ಜೋಲೂ ದಪ್ಪವಾಗಿ ಕಡುಕೆಂಪು ಆದವು ಅಂದರೆ ಹಾರ್ಮೋನು ಏರಿದೆ ಎಂದರ್ಥ. ನನಗೆ ಇದಕ್ಕಿಂತ ನಂಬಿಕೆಯ ಗುರುತು ಇನ್ನೊಂದಿದೆ. ಬೆನ್ನ ಮೇಲೆ ಕೈ ಇಡಲು ಹೋದಾಗ ಕೋಳಿ ಓಡುವುದು ಬಿಟ್ಟು, ರೆಕ್ಕೆ ಸ್ವಲ್ಪ ಅಗಲಿಸಿ ಅಲ್ಲೇ ಕುಕ್ಕರಿಸುತ್ತದೆ. ಹುಂಜ ಹತ್ತಲು ಬಂದಾಗ ಕೂರುವ ರೀತಿ ಅದು. ಇದು ಶುರುವಾದ ಮೇಲೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಮೊಟ್ಟೆ ಬರುತ್ತದೆ.

ಕೋಳಿ ಕೈಗೆ ಸಿಗುವಷ್ಟು ಸಾಧು ಆಗಿದ್ದರೆ ಮೂಳೆಯನ್ನೂ ನೋಡಬಹುದು. ಬಾಲದ ಕೆಳಗೆ, ಗುದದ ಎರಡೂ ಪಕ್ಕದಲ್ಲಿ ಮೊನಚಾದ ಎರಡು ಮೂಳೆ ಕೈಗೆ ಸಿಗುತ್ತವೆ. ನಡುವೆ ಒಂದು ಬೆರಳು ಮಾತ್ರ ಹಿಡಿಸಿದರೆ ಇನ್ನೂ ಕಾಯಬೇಕು. ಎರಡು ಬೆರಳು ಹಿಡಿಸಿದರೆ ಹತ್ತಿರ ಬಂದಿದೆ. ಮೂರು ಹಿಡಿಸಿದರೆ ಎಲ್ಲೋ ಇಡುತ್ತಲೂ ಇರಬಹುದು! ಸಂಜೆ ಕತ್ತಲಾದ ಮೇಲೆ, ಅವು ರಾತ್ರಿ ಕೂರುವ ಕೋಲಿನ ಮೇಲಿಂದ ಮೆಲ್ಲಗೆ ಎತ್ತಿ ನೋಡಿ, ಗಲಾಟೆ ಮಾಡುವುದಿಲ್ಲ.

ಬೆಳಕಿನ ಲೆಕ್ಕವೂ ಇದೆ. ಕೋಳಿಗೆ ಬೆಳಕು ಕಣ್ಣಿನಿಂದ ಮಾತ್ರ ಅಲ್ಲ, ತಲೆಬುರುಡೆಯ ಮೂಲಕವೂ ಮಿದುಳು ಮುಟ್ಟುತ್ತದೆ. ದಿನಕ್ಕೆ 14 ಗಂಟೆ ಅಥವಾ ಜಾಸ್ತಿ ಬೆಳಕು ಸಿಕ್ಕರೆ ಅಂಡಾಶಯ ಚುರುಕಾಗುತ್ತದೆ. ಹಗಲು ಚಿಕ್ಕದಾಗುತ್ತಾ ಹೋಗುವ ಕಾಲದಲ್ಲಿ ಬೆಳೆದ ಹ್ಯಾಟೆಗಳು ತಡ ಮಾಡುವುದು ಇದಕ್ಕೇ. ದೀಪ ಹಾಕಬಹುದಾ ಅಂತ ಕೇಳಬಹುದು. ಮೈ ಪೂರ್ತಿ ಬೆಳೆದ ಮೇಲಾದರೆ ಹಾಕಬಹುದು. ಬೆಳಗಿನ ಜಾವ ಹಾಕಿ, ವಾರಕ್ಕೆ ಅರ್ಧ ಗಂಟೆಯಷ್ಟು ಮಾತ್ರ ಹೆಚ್ಚಿಸಿ. ಸಂಜೆ ಹಾಕಿ ತಟ್ಟನೆ ಆರಿಸಿದರೆ ಕೋಳಿಗಳು ಕೋಲು ಹತ್ತಲಾಗದೆ ಕತ್ತಲಲ್ಲಿ ನೆಲದಲ್ಲೇ ಉಳಿಯುತ್ತವೆ. ಎಳೆಯ ಹ್ಯಾಟೆಗೆ ದೀಪ ಹಾಕಿ ಅವಸರ ಮಾಡಿದರೆ ಮೊಟ್ಟೆ ಇಡುವಾಗ ನಾಳವೇ ಹೊರಗೆ ಜಾರುವ ಅಪಾಯ ಇದೆ. ನನ್ನನ್ನು ಕೇಳಿದರೆ, ಹಿತ್ತಲ ಆರು ಕೋಳಿಗೆ ದೀಪ ಬೇಡವೇ ಬೇಡ.

28 ವಾರ ದಾಟಿ, ಜುಟ್ಟೂ ಮಾಸಲಾಗೇ ಇದ್ದರೆ ಆಗ ಹುಡುಕಬೇಕು. ಎದೆ ಮೂಳೆ ಕತ್ತಿಯ ಹಾಗೆ ಚೂಪಾಗಿ ಸಿಗುತ್ತಿದೆಯಾ? ಹಾಗಿದ್ದರೆ ಜಂತುಹುಳು ಇರಬಹುದು, ಇಲ್ಲವೇ ಬೇರೆ ಕೋಳಿಗಳು ತಿನ್ನಲು ಬಿಡುತ್ತಿಲ್ಲ. ರಾತ್ರಿ ಟಾರ್ಚ್ ಹಿಡಿದು ಕೋಲಿನ ಸಂದು ನೋಡಿ. ಹಗಲು ಅಡಗಿ ರಾತ್ರಿ ರಕ್ತ ಹೀರುವ ಕೆಂಪು ನುಸಿ ಅಲ್ಲಿರುತ್ತವೆ. ಅಡುಗೆಮನೆಯ ಉಳಿಕೆಯಲ್ಲೇ ಹೊಟ್ಟೆ ತುಂಬಿಸಿದರೂ ಪ್ರೋಟೀನ್ ಸಾಲದೆ ತಡವಾಗುತ್ತದೆ.

ಪ್ರಶ್ನೆ: ಹುಂಜ ಇಲ್ಲದೆ ಹ್ಯಾಟೆ ಮೊಟ್ಟೆಗೆ ಬರುತ್ತದಾ?

ಉತ್ತರ: ಬರುತ್ತದೆ. ಮರಿ ಬೇಕಾದರೆ ಮಾತ್ರ ಹುಂಜ ಬೇಕು.

ಪ್ರಶ್ನೆ: ನಿನ್ನೆ ಮೊದಲ ಮೊಟ್ಟೆ ಸಿಕ್ಕಿತು, ಆದರೆ ಚಿಪ್ಪೇ ಇಲ್ಲ. ಮೆತ್ತಗೆ, ನೀರು ತುಂಬಿದ ಬಲೂನಿನ ಹಾಗಿತ್ತು. ಕೋಳಿ ಚೆನ್ನಾಗೇ ಓಡಾಡಿಕೊಂಡಿದೆ. ಇದು ರೋಗವಾ?

ಉತ್ತರ: ಅಲ್ಲ. ಹೊಸದಾಗಿ ಶುರು ಮಾಡಿದ ನಾಳಕ್ಕೆ ಇನ್ನೂ ಕೆಲಸ ಒಗ್ಗಿಲ್ಲ. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪಿಗೇ ಹೋಗುತ್ತದೆ. ಆ ಕೊನೆಯ ಹಂತದಲ್ಲಿ ಅವಸರವಾದರೆ ಪೊರೆಯ ಮೊಟ್ಟೆ ಹೊರಬರುತ್ತದೆ. ಮೊದಲ ಕೆಲವು ವಾರ ಗೋಲಿಯಷ್ಟು ಚಿಕ್ಕ ಮೊಟ್ಟೆ, ಹಳದಿಯೇ ಇಲ್ಲದ ಮೊಟ್ಟೆ, ಎರಡು ಹಳದಿಯ ಮೊಟ್ಟೆ ಏನು ಬೇಕಾದರೂ ಬರಬಹುದು. ಚಿಪ್ಪಿನ ಮೇಲೆ ರಕ್ತದ ಗೆರೆ ಒಂದೆರಡು ಸಲ ಕಂಡರೂ ಹೆದರಬೇಡಿ. ರಕ್ತ ದಿನಾ ಕಂಡರೆ ಅಥವಾ ಒಂದು ತಿಂಗಳಾದರೂ ಚಿಪ್ಪು ಗಟ್ಟಿಯಾಗದಿದ್ದರೆ ಪಶುವೈದ್ಯರಿಗೆ ತೋರಿಸಿ. ಮೆತ್ತನೆಯ ಮೊಟ್ಟೆಯನ್ನು ಮಾತ್ರ ಗೂಡಿನಿಂದ ಕೂಡಲೇ ತೆಗೆಯಿರಿ. ಒಡೆದು ರುಚಿ ನೋಡಿದ ಕೋಳಿ ಮೊಟ್ಟೆ ತಿನ್ನುವ ಅಭ್ಯಾಸ ಬಿಡುವುದೇ ಇಲ್ಲ.

ಪ್ರಶ್ನೆ: ನಮ್ಮ ಹ್ಯಾಟೆ ನಾಲ್ಕು ದಿನದಿಂದ ಗೂಡಿಗೆ ಹೋಗುತ್ತದೆ, ಒಣಹುಲ್ಲು ಕೆದಕುತ್ತದೆ, ಅರ್ಧ ಗಂಟೆ ಕೂತು ಖಾಲಿಯಾಗಿ ಎದ್ದು ಬರುತ್ತದೆ. ಮೊಟ್ಟೆ ಒಳಗೇ ಸಿಕ್ಕಿಕೊಂಡಿದೆಯಾ?

ಉತ್ತರ: ಎದ್ದು ಬಂದು ಮಾಮೂಲಿನಂತೆ ತಿಂದು ಓಡಾಡುತ್ತಿದ್ದರೆ ಸಿಕ್ಕಿಕೊಂಡಿಲ್ಲ. ಅದು ಜಾಗ ನೋಡಿಕೊಳ್ಳುತ್ತಿದೆ ಅಷ್ಟೇ. ಗೂಡು ಕತ್ತಲಾಗಿ, ನೆಮ್ಮದಿಯಾಗಿ ಇರಲಿ. ರಾತ್ರಿ ಕೂರುವ ಕೋಲಿಗಿಂತ ಕೆಳಗಿರಲಿ, ಇಲ್ಲದಿದ್ದರೆ ಗೂಡಲ್ಲೇ ಮಲಗಿ ಹೊಲಸು ಮಾಡುತ್ತವೆ. ನಾಲ್ಕೈದು ಕೋಳಿಗೆ ಒಂದು ಗೂಡು ಸಾಕು. ಒಳಗೆ ಮರದ ಮೊಟ್ಟೆ ಅಥವಾ ದುಂಡನೆಯ ಬಿಳಿ ಕಲ್ಲು ಇಟ್ಟರೆ ಇದು ಮೊಟ್ಟೆ ಇಡುವ ಜಾಗ ಅಂತ ಅದಕ್ಕೆ ತಿಳಿಯುತ್ತದೆ.

ನಿಜವಾಗಿ ಸಿಕ್ಕಿಕೊಂಡ ಕೋಳಿ ಬೇರೆಯೇ ಕಾಣುತ್ತದೆ. ಬಾಲ ಇಳಿಬಿಟ್ಟು, ಗರಿ ಉಬ್ಬಿಸಿ, ಮೂಲೆಯಲ್ಲಿ ನಿಂತು ತಿಣುಕುತ್ತಿರುತ್ತದೆ. ಮೇವು ಮುಟ್ಟುವುದಿಲ್ಲ. ಹೊಟ್ಟೆಯವರೆಗೆ ಬರುವಷ್ಟು ಉಗುರುಬೆಚ್ಚಗಿನ ನೀರಲ್ಲಿ 15-20 ನಿಮಿಷ ನಿಲ್ಲಿಸಿ, ಒರೆಸಿ, ಕತ್ತಲಾದ ಬೆಚ್ಚಗಿನ ಜಾಗದಲ್ಲಿ ಬಿಡಿ. ಕೆಲವು ಗಂಟೆಯಲ್ಲಿ ಬರದಿದ್ದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ. ದಯವಿಟ್ಟು ಒಳಗಿರುವ ಮೊಟ್ಟೆಯನ್ನು ನೀವೇ ಒಡೆಯಬೇಡಿ. ಚಿಪ್ಪಿನ ಚೂರು ಒಳಗೆ ಗಾಯ ಮಾಡಿ ಜೀವಕ್ಕೇ ಅಪಾಯ ತರುತ್ತದೆ.

ಇನ್ನೊಂದು ಸಾಧ್ಯತೆಯನ್ನೂ ನೋಡಿ. ಹೊರಗೆ ಬಿಟ್ಟು ಸಾಕುವ ಕೋಳಿ ಗೂಡು ನೋಡಿ ಬೇಡ ಅಂದುಕೊಂಡು ಬೇರೆ ಕಡೆ ಇಡುತ್ತಿರಬಹುದು. ನಮ್ಮ ಮನೆಯಲ್ಲೇ ಒಂದು ಹ್ಯಾಟೆ ಇನ್ನೂ ಶುರು ಮಾಡಿಲ್ಲ ಅಂತ ಕಾಯುತ್ತಿದ್ದೆವು. ಸೌದೆ ರಾಶಿಯ ಹಿಂದೆ 11 ಮೊಟ್ಟೆ ಸಿಕ್ಕವು. ಪೊದೆ, ಬುಟ್ಟಿ, ಹಳೆ ಚೀಲ, ಗಾಡಿಯ ಅಡಿ ಎಲ್ಲ ಹುಡುಕಿ. ಎರಡು ಮೂರು ದಿನ ಮಧ್ಯಾಹ್ನದವರೆಗೆ ಕೋಳಿಮನೆಯೊಳಗೇ ಕೂಡಿಹಾಕಿದರೆ ಗೂಡಲ್ಲೇ ಇಡುವುದು ಕಲಿಯುತ್ತದೆ. ಹೊರಗೆ ಸಿಕ್ಕ ಮೊಟ್ಟೆ ಎಷ್ಟು ದಿನದ್ದೋ ಗೊತ್ತಾಗದಿದ್ದರೆ ನೀರಿಗೆ ಹಾಕಿ ನೋಡಿ. ತಾಜಾ ಇದ್ದರೆ ತಳದಲ್ಲಿ ಅಡ್ಡ ಮಲಗುತ್ತದೆ. ಹಳತಾದಂತೆ ಒಂದು ತುದಿ ಮೇಲೇಳುತ್ತದೆ. ತೇಲಿದ್ದನ್ನು ಬಿಸಾಡಿ.