37 ಟನ್ ಇಟಾಚಿಗೆ ಮೂರು ಆಕ್ಸಲ್ ಲೋಬೆಡ್ ಸಾಕೇ, ನಾಲ್ಕು ಹಾಕಿಸಬೇಕೇ?

ನಿಮ್ಮ ಹತ್ತಿರ ಹತ್ತು ಚಕ್ರದ ಪುಲ್ಲರ್ (ಟ್ರೇಲರ್ ಎಳೆಯುವ ಲಾರಿ) ಇದೆ. ಬಳ್ಳಾರಿಯಿಂದ ಸಂಡೂರಿನ ಗಣಿಗಳಿಗೆ 37 ಟನ್ನಿನ ಇಟಾಚಿಯನ್ನು (ಮಣ್ಣು ಅಗೆಯುವ ಯಂತ್ರ) ಲೋಬೆಡ್ಡಿನಲ್ಲಿ, ಅಂದರೆ ತಗ್ಗು ಡೆಕ್ಕಿನ ಟ್ರೇಲರಿನಲ್ಲಿ ಸಾಗಿಸಬೇಕು. ವರ್ಷಕ್ಕೆ ಒಂದೆರಡು ಸಲ ಕುಡತಿನಿ ಕಡೆಗೆ 80 ಟನ್ನಿನ ಟ್ರಾನ್ಸ್‌ಫಾರ್ಮರ್ ಬಾಡಿಗೆಯೂ ಬರಬಹುದು. ಇವೆರಡಕ್ಕೂ ಒಂದೇ ಟ್ರೇಲರ್ ಆಗುವುದಿಲ್ಲ. ಇಟಾಚಿಗೆ ಮೂರು ಆಕ್ಸಲ್ ಸಾಕು, ಆದರೆ ಕೌಂಟರ್‌ವೇಟ್ (ಅಗೆಯುವ ತೋಳಾದ ಬೂಮಿಗೆ ಸರಿತೂಕವಾಗಿ ಹಿಂದೆ ಕೂರಿಸಿದ ಭಾರದ ಗಟ್ಟಿ) ಬಿಚ್ಚಬೇಕು. ಟ್ರಾನ್ಸ್‌ಫಾರ್ಮರಿಗೆ ಹೈಡ್ರಾಲಿಕ್ ಮಾಡ್ಯುಲರ್ ಟ್ರೇಲರ್ (ಬೇಕಾದಷ್ಟು ಚಕ್ರದ ಸಾಲು ಜೋಡಿಸುವ ಟ್ರೇಲರ್) ಬಾಡಿಗೆಗೆ ತನ್ನಿ.

2018ರ ಕೇಂದ್ರದ ಅಧಿಸೂಚನೆಯ ಪ್ರಕಾರ ಮುಂದಿನ ಆಕ್ಸಲ್‌ಗೆ 7 ಟನ್, ಪುಲ್ಲರಿನ ಹಿಂದಿನ ಜೋಡಿ ಆಕ್ಸಲ್‌ಗೆ 21, ಟ್ರೇಲರಿನ ಮೂರು ಆಕ್ಸಲ್‌ಗೆ 27. ಒಟ್ಟು 55. ನಾಲ್ಕನೇ ಆಕ್ಸಲ್ ಕೂಡಿಸಿದರೆ ಈ 55 ಏರುತ್ತದೆ ಅಂತ ಫ್ಯಾಬ್ರಿಕೇಶನ್ ಶೆಡ್ಡಿನವರು ಹೇಳಿದರೆ ನಂಬಬೇಡಿ. ಆರ್‌ಸಿಯಲ್ಲಿ ಬರೆದದ್ದೇ ಲೆಕ್ಕ. ವಿಶೇಷ ಅನುಮತಿ ಇರುವುದು ಬಿಡಿಸಲಾಗದ ಒಂದೇ ವಸ್ತುವಿಗೆ. ಅದಿರಿಗೆ, ಕಬ್ಬಿಣದ ಸರಳಿಗೆ ಅದು ಸಿಗುವುದಿಲ್ಲ. ಮಿತಿ ಮೀರಿದರೆ ಮೋಟಾರು ವಾಹನ ಕಾಯಿದೆಯ 194ನೇ ಕಲಮಿನಲ್ಲಿ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ಹೆಚ್ಚಿನ ಮಾಲು ಇಳಿಸುವ ಖರ್ಚೂ ನಿಮ್ಮದೇ.

ಈಗ ನಿಮ್ಮ ಗಾಡಿಯ ಲೆಕ್ಕ ಹಾಕೋಣ. ಪುಲ್ಲರ್ ಖಾಲಿ 9.5 ಟನ್ (ಮುಂದೆ 5, ಹಿಂದೆ 4.5), ಲೋಬೆಡ್ ಖಾಲಿ 13 ಟನ್ (ಆಕ್ಸಲ್ ಮೇಲೆ 9, ಕಿಂಗ್‌ಪಿನ್ ಮೇಲೆ 4) ಅಂತಿಟ್ಟುಕೊಳ್ಳಿ. ಕಿಂಗ್‌ಪಿನ್ ಅಂದರೆ ಟ್ರೇಲರ್ ಪುಲ್ಲರಿಗೆ ಸಿಕ್ಕಿಕೊಳ್ಳುವ ಗೂಟ. ಕಿಂಗ್‌ಪಿನ್ನಿನಿಂದ ನಡುವಿನ ಆಕ್ಸಲ್‌ಗೆ 9 ಮೀಟರ್. ಇಟಾಚಿಯ ಭಾರದ ಮಧ್ಯ ಕಿಂಗ್‌ಪಿನ್ನಿನಿಂದ 5 ಮೀಟರ್ ಹಿಂದೆ ಕೂತರೆ ಆಕ್ಸಲ್‌ಗಳಿಗೆ 37 × 5 ÷ 9, ಅಂದರೆ 20.6 ಟನ್ ಹೋಗುತ್ತದೆ. ಟ್ರೇಲರಿನ 9 ಕೂಡಿಸಿದರೆ 29.6. ಪುಲ್ಲರಿನ ಹಿಂದಿನ ಜೋಡಿಗೆ ಸುಮಾರು 23.4 ಬೀಳುತ್ತದೆ. ಎರಡೂ ಕಡೆ ಹೆಚ್ಚು. ಒಟ್ಟು 59.5 ಇರುವಾಗ ಯಂತ್ರವನ್ನು ಹಿಂದೆ ಮುಂದೆ ಸರಿಸಿ ಪ್ರಯೋಜನವಿಲ್ಲ, ಒಂದು ಕಡೆ ಇಳಿದದ್ದು ಇನ್ನೊಂದು ಕಡೆ ಏರುತ್ತದೆ.

ಈ ಅಳತೆಯ ಯಂತ್ರದ ಕೌಂಟರ್‌ವೇಟ್ ಸುಮಾರು 7 ಟನ್. ಅದು ಬೇರೆ ಲಾರಿಯಲ್ಲಿ ಹೋದರೆ ಉಳಿಯುವುದು 30. ಅದೇ ಜಾಗದಲ್ಲಿ ಟ್ರೇಲರ್ ಆಕ್ಸಲ್ 25.7, ಪುಲ್ಲರಿನ ಹಿಂಭಾಗ 20.5, ಮುಂಭಾಗ 6.3, ಎಲ್ಲವೂ ಮಿತಿಯೊಳಗೆ. ಆದರೆ ಅರ್ಧ ಮೀಟರ್ ಹಿಂದೆ ಸರಿದರೆ ಟ್ರೇಲರ್ 27.3 ಆಗುತ್ತದೆ, ಅರ್ಧ ಮೀಟರ್ ಮುಂದೆ ಸರಿದರೆ ಪುಲ್ಲರ್ ಹಿಂಭಾಗ 22 ದಾಟುತ್ತದೆ. ಆದ್ದರಿಂದ ಮೊದಲ ಟ್ರಿಪ್ಪಿನಲ್ಲಿ ತೂಕ ಸರಿಬಂದ ಕೂಡಲೇ ಚೈನ್ ಪಟ್ಟಿ ನಿಂತ ಜಾಗಕ್ಕೆ ಡೆಕ್ ಮೇಲೆ ಬಿಳಿ ಪೇಂಟಿನಿಂದ ಗೆರೆ ಎಳೆಯಿರಿ. ಬೂಮ್ ಯಾವ ದಿಕ್ಕಿಗಿತ್ತು ಅನ್ನುವುದನ್ನೂ ಬರೆದಿಡಿ. ಕೌಂಟರ್‌ವೇಟ್ ಬಿಚ್ಚಿದ ಮೇಲೆ ಭಾರ ಬೂಮ್ ಕಡೆಗೆ ಜರುಗುವುದರಿಂದ ಬೂಮ್ ತಿರುಗಿದರೆ ಈ ಲೆಕ್ಕವೆಲ್ಲ ತಿರುಗುತ್ತದೆ. ಇದೇ ಕಾರಣಕ್ಕೆ ಬಿಚ್ಚಿದ ಯಂತ್ರವನ್ನು ರ‍್ಯಾಂಪ್ ಹತ್ತಿಸಬಾರದು, ಮೂತಿ ಕಡೆಗೆ ವಾಲುತ್ತದೆ. ಯಂತ್ರ ಟ್ರೇಲರ್ ಹತ್ತಿ ನಿಂತ ಮೇಲೆ ಕ್ರೇನಿನಿಂದ ಬಿಚ್ಚಿಸಿ. ಇಳಿಸುವ ಕಡೆ ಮೊದಲು ಕೌಂಟರ್‌ವೇಟ್ ಕೂರಿಸಿ, ಆಮೇಲೆ ಯಂತ್ರ ಇಳಿಸಿ.

ಇಷ್ಟಾದರೂ ಅಗಲ ಉಳಿಯುತ್ತದೆ. ಎರಡೂ ಬದಿಯ ಚೈನ್ ಸೇರಿ ಅಗಲ 3 ಮೀಟರಿಗಿಂತ ಹೆಚ್ಚು, ಕಾನೂನಿನ ಮಿತಿ 2.6. ಹಾಗಾಗಿ ಅಗಲದ ಅನುಮತಿ ಬೇಕೇ ಬೇಕು. ರಾಷ್ಟ್ರೀಯ ಹೆದ್ದಾರಿ 67ಕ್ಕೆ ಕೇಂದ್ರ ಸಾರಿಗೆ ಸಚಿವಾಲಯದ ಆನ್‌ಲೈನ್ ಅರ್ಜಿ ಹಾಕಿ. ತೋರಣಗಲ್ಲಿನಿಂದ ಒಳಗಿನ ರಸ್ತೆಗೆ ಲೋಕೋಪಯೋಗಿ ಇಲಾಖೆಯನ್ನು ಮೊದಲೇ ಕೇಳಿ.

ನಾಲ್ಕು ಆಕ್ಸಲ್ ಹಾಕಿಸಿದರೆ ಏನಾಗುತ್ತದೆ? ಖಾಲಿ ತೂಕ ಎರಡೂವರೆ ಟನ್ ಏರಿ, ಅಷ್ಟು ಮಾಲು ಕಡಿಮೆಯಾಗುತ್ತದೆ. ಗಣಿ ರಸ್ತೆಯ ತಿರುವುಗಳಲ್ಲಿ ಮೊದಲ ಮತ್ತು ಕೊನೆಯ ಆಕ್ಸಲ್ ಟೈರುಗಳು ಅಡ್ಡಡ್ಡ ಉಜ್ಜಿ ಸವೆಯುತ್ತವೆ. ಹಾಕಿಸಲೇಬೇಕೆಂದಿದ್ದರೆ ಕೊನೆಯದು ತಾನೇ ತಿರುಗುವ ಆಕ್ಸಲ್ ಆಗಿರಲಿ, ರಿವರ್ಸಿಗೆ ಲಾಕ್ ಇರಲಿ.

ದುಡ್ಡು ಹಾಕಬೇಕಾದ್ದು ಸಸ್ಪೆನ್ಷನ್ನಿಗೆ. ಸ್ಪ್ರಿಂಗ್ ಪಟ್ಟಿಗಳ ನಡುವೆ ಭಾರ ಹಂಚುವ ಈಕ್ವಲೈಜರಿನ ಬುಷ್ ಸವೆದರೆ ಮೂರು ಆಕ್ಸಲ್ ಕಾಗದದ ಮೇಲೆ ಮಾತ್ರ ಮೂರು. ಒಂದು ಹೊರುತ್ತದೆ, ಎರಡು ನೋಡುತ್ತವೆ. ಗುರುತು: ಒಂದೇ ಆಕ್ಸಲಿನ ಹಬ್ ಕೈ ಇಡಲಾಗದಷ್ಟು ಬಿಸಿ, ಅಲ್ಲಿನ ಟೈರುಗಳೇ ಮೊದಲು ಹೋಗುವುದು. ಡೆಕ್ ಮೂತಿ ಮೇಲೆದ್ದಿದ್ದರೂ ಭಾರವೆಲ್ಲ ಹಿಂದಿನ ಆಕ್ಸಲ್‌ಗೆ ಸುರಿಯುತ್ತದೆ. ಸಮತಟ್ಟು ನೆಲದಲ್ಲಿ ನಿಲ್ಲಿಸಿ ಡೆಕ್ಕಿನ ಎತ್ತರ ಹಿಂದೆ ಮುಂದೆ ಅಳೆಯಿರಿ. ಒಂದು ಇಂಚಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಫಿಫ್ತ್ ವೀಲ್ (ಪುಲ್ಲರ್ ಮೇಲೆ ಕಿಂಗ್‌ಪಿನ್ ಕೂರುವ ತಟ್ಟೆ) ಎತ್ತರ ಸರಿಮಾಡಿಸಿ. ಕಿಂಗ್‌ಪಿನ್ನಿನಿಂದ ಮೊದಲ ಆಕ್ಸಲಿನ ಎಡ ಬಲ ತುದಿಗಿರುವ ದೂರದಲ್ಲಿ 3 ಮಿಲಿಮೀಟರಿಗಿಂತ ಹೆಚ್ಚು ಅಂತರ ಇರಬಾರದು.

ಟೈರಿನ ಪಕ್ಕದಲ್ಲಿ ಬರೆದ ಸಂಖ್ಯೆ ಓದಿ. 146/143 ಅಂದರೆ ಜೋಡಿಯಲ್ಲಿ ಒಂದಕ್ಕೆ 2,725 ಕಿಲೋ, ನಾಲ್ಕು ಟೈರಿನ ಆಕ್ಸಲ್‌ಗೆ 10.9 ಟನ್. ನಿಮಗೆ ಬೇಕಾದ್ದು 9, ಆದ್ದರಿಂದ ಅವಕಾಶವಿದೆ. ಆದರೆ ಗಾಳಿ ಕಡಿಮೆ ಇಟ್ಟು ಬಳ್ಳಾರಿ ಬೇಸಿಗೆಯಲ್ಲಿ ಓಡಿಸಿದರೆ ಆ ಅವಕಾಶ ಉಳಿಯುವುದಿಲ್ಲ. ಗಾಳಿ ನೋಡುವುದು ಬೆಳಿಗ್ಗೆ ಟೈರ್ ತಣ್ಣಗಿದ್ದಾಗ. ಗಣಿಯಿಂದ ಹೊರಬಂದ ಮೇಲೆ ಜೋಡಿ ಟೈರಿನ ಸಂದಿಯಲ್ಲಿ ಕಲ್ಲು ಸಿಕ್ಕಿದೆಯಾ ಅಂತ ಟಾರ್ಚ್ ಹಾಕಿ ನೋಡಿ.

ಇನ್ನು ಟ್ರಾನ್ಸ್‌ಫಾರ್ಮರ್. ಮಾಡ್ಯುಲರ್ ಟ್ರೇಲರಿನಲ್ಲಿ ಎಂಟು ಟೈರಿನ ಒಂದು ಸಾಲಿಗೆ 18 ಟನ್ ಮಿತಿ, ಸಾಲಿನ ಸ್ವಂತ ತೂಕ ಸುಮಾರು 4. 80 ಟನ್ನಿಗೆ ಆರು ಸಾಲು ಹಾಕಿದರೆ ಸಾಲಿಗೆ 17.3 ಬರುತ್ತದೆ, ಅಂಚಿಗೆ ಬಂದ ಹಾಗೆ. ಎಂಟು ಕೇಳಿ, 14ಕ್ಕೆ ಇಳಿಯುತ್ತದೆ. ತುಂಗಭದ್ರಾ ಕಾಲುವೆಗಳ ಹಳೆಯ ಸೇತುವೆಗಳ ಮೇಲೆ ಆ ವ್ಯತ್ಯಾಸವೇ ಅನುಮತಿ ಕೊಡಿಸುವುದು. ಸೇತುವೆ ಮೇಲೆ ನಡುಮಧ್ಯದಲ್ಲಿ, ನಡಿಗೆಯ ವೇಗದಲ್ಲಿ, ಬ್ರೇಕ್ ಒತ್ತದೆ ದಾಟಬೇಕು, ಬೇರೆ ಗಾಡಿ ಇರಬಾರದು.

ತೂಕ ಹಾಕಿಸುವಾಗ ಒಟ್ಟು ಚೀಟಿ ಒಂದೇ ಸಾಲದು. ವೇಬ್ರಿಡ್ಜ್ ಮೇಲೆ ಮೊದಲು ಪುಲ್ಲರಿನ ಮುಂದಿನ ಚಕ್ರ ಮಾತ್ರ, ಆಮೇಲೆ ಪುಲ್ಲರ್ ಪೂರ್ತಿ, ಕೊನೆಗೆ ಇಡೀ ಗಾಡಿ ನಿಲ್ಲಿಸಿ. ಎರಡನೆಯದರಲ್ಲಿ ಮೊದಲನೆಯದು ಕಳೆದರೆ ಜೋಡಿ ಆಕ್ಸಲ್, ಮೂರನೆಯದರಲ್ಲಿ ಎರಡನೆಯದು ಕಳೆದರೆ ಟ್ರೇಲರ್ ಆಕ್ಸಲ್. ಅದಕ್ಕೆ ಎರಡೂ ಕಡೆಯ ದಾರಿ ವೇಬ್ರಿಡ್ಜಿನ ಸಮಕ್ಕಿರಬೇಕು, ಇಳಿಜಾರಿದ್ದರೆ ಸಂಖ್ಯೆ ತಪ್ಪು ಬರುತ್ತದೆ.