ಗೋಲ್ಡನ್ ರಿಟ್ರೀವರ್ ಹೆಣ್ಣು ನಾಯಿಗೆ ಮನೆಯಲ್ಲೇ ಒಂದು ಸಲ ಮರಿ ಹಾಕಿಸಬಹುದಾ? ಇದರಿಂದ ಆದಾಯ ಬರುತ್ತಾ?

ನಿಮ್ಮದು ಎರಡು ವರ್ಷದ ಹೆಣ್ಣು ಗೋಲ್ಡನ್. ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್. ಒಂದು ಸಲ ಮರಿ ಹಾಕಿದರೆ ನಾಯಿಯ ಆರೋಗ್ಯಕ್ಕೆ ಒಳ್ಳೆಯದು ಅಂತ ಯಾರೋ ಹೇಳಿದ್ದಾರೆ. ಎಂಟು ಮರಿ, ಒಂದೊಂದಕ್ಕೆ ಇಪ್ಪತ್ತು ಸಾವಿರ ಅಂತ ನೀವು ಲೆಕ್ಕವನ್ನೂ ಹಾಕಿದ್ದೀರಿ. ಇದೇ ಲೆಕ್ಕವನ್ನು ನಾನು ಮೈಸೂರಿನ ನಮ್ಮ ಮನೆಯಲ್ಲಿ, ಹಾಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿದ್ದೆ. ಖರ್ಚಿನ ಕಡೆ ಎರಡೇ ಸಾಲು: ಊಟ, ಡಾಕ್ಟರ್. ನಮ್ಮ ಯಜಮಾನರು ಈಗಲೂ ಆಗಾಗ ಆ ಹಾಳೆ ತೆಗೆದು ನಗುತ್ತಾರೆ.

ನಮ್ಮ ಹುಡುಗಿ ಚಿನ್ನು. ಹೀಟ್‌ಗೆ ಬಂದಳು. ಗಂಡು ನಾಯಿಯವರು 'ಹನ್ನೊಂದನೇ ದಿನ ಕರೆದುಕೊಂಡು ಬನ್ನಿ' ಅಂದರು. ಹೋದೆವು. ಇವಳು ಬಾಲ ಕಾಲ ಸಂದಿಗೆ ಸೇರಿಸಿಕೊಂಡು ಗೋಡೆಗೆ ಅಂಟಿ ಕೂತಳು. ಹತ್ತಿರ ಬಂದರೆ ಹಲ್ಲು ತೋರಿಸಿದಳು. ಡಾಕ್ಟರ್ ಪ್ರೊಜೆಸ್ಟರಾನ್ ರಕ್ತಪರೀಕ್ಷೆ ಮಾಡಿಸಿ ಅಂದ ಮೇಲೆ ಗೊತ್ತಾಗಿದ್ದು, ಅವಳ ಸಮಯ ಇನ್ನೂ ಬಂದೇ ಇರಲಿಲ್ಲ. ರಕ್ತದಲ್ಲಿ ಈ ಹಾರ್ಮೋನಿನ ಪ್ರಮಾಣ ಒಂದು ಮಿಲಿಲೀಟರಿಗೆ ಸುಮಾರು 5 ನ್ಯಾನೊಗ್ರಾಂ ಮುಟ್ಟುವ ಹೊತ್ತಿಗೆ ಅಂಡಗಳು ಹೊರಬರುತ್ತವೆ. ನಾಯಿಗಳಲ್ಲಿ ಅವು ಬಲಿಯಲು ಮತ್ತೆ ಎರಡು ದಿನ ಬೇಕು. ಕೆಲವು ಹೆಣ್ಣುಗಳಿಗೆ ಅದು ಹತ್ತನೇ ದಿನವೇ ಆಗಬಹುದು, ಕೆಲವಕ್ಕೆ ಇಪ್ಪತ್ತು ದಾಟಬಹುದು. ಪರೀಕ್ಷೆ ಒಂದು ಸಲ ಮಾಡಿಸಿದರೆ ಸಾಲದು, ಎರಡು ದಿನಕ್ಕೊಮ್ಮೆ ಮಾಡಿಸಬೇಕು. ನನ್ನ ಹಾಳೆಯಲ್ಲಿ ಇದಕ್ಕೆ ಸಾಲು ಇರಲಿಲ್ಲ. ಗಂಡಿನವರಿಗೆ ದುಡ್ಡು ಕೊಡಬೇಕು, ಇಲ್ಲವೇ ಅವರೇ ಆರಿಸಿದ ಒಂದು ಮರಿ ಕೊಡಬೇಕು ಅನ್ನುವುದಕ್ಕೂ ಇರಲಿಲ್ಲ.

ಗಬ್ಬ ನಿಂತಿತು. ಅರವತ್ತಮೂರು ದಿನ, ಒಂದೆರಡು ಆಚೀಚೆ. ನಮ್ಮ ಅತ್ತೆ ಮೊದಲು 'ಅಡುಗೆಮನೆಗೆ ನಾಯಿ ಬಂದರೆ ನಾನು ತಂಗಿ ಮನೆಗೆ ಹೋಗ್ತೀನಿ' ಅಂತಿದ್ದವರು. ಚಿನ್ನು ಹೊಟ್ಟೆ ಇಳಿಬಿಟ್ಟುಕೊಂಡು ಓಡಾಡುವುದನ್ನು ನೋಡಿ ಅವರೇ ರಾಗಿ ಗಂಜಿ ಕಾಯಿಸಲು ಶುರು ಮಾಡಿದರು. ಬಾಣಂತಿ ಬಾಣಂತಿಯೇ ಅಂತೆ.

ಕೊನೇ ವಾರ ದಿನಕ್ಕೆ ಎರಡು ಸಲ ಥರ್ಮಾಮೀಟರ್ ಇಟ್ಟು ನೋಡುತ್ತಿದ್ದೆ. 38 ಡಿಗ್ರಿ ಇರುತ್ತಿದ್ದ ಮೈ 37ಕ್ಕಿಂತ ಕೆಳಗೆ ಇಳಿದರೆ ಹೆಚ್ಚೂ ಕಡಿಮೆ ಒಂದು ದಿನದೊಳಗೆ ನೋವು ಶುರು. ಹಾಗೇ ಆಯಿತು, ನಡುರಾತ್ರಿ. ಮರಿ ಚೀಲದೊಳಗೇ ಬರುತ್ತದೆ. ತಾಯಿ ಅದನ್ನು ಹರಿಯದಿದ್ದರೆ ನಾವು ಹರಿಯಬೇಕು. ಬಾಯಿ ಮೂಗು ಒರೆಸಿ, ಟವೆಲ್‌ನಲ್ಲಿ ಗಟ್ಟಿಯಾಗಿ ಉಜ್ಜಬೇಕು, ಕೀಂ ಅನ್ನುವ ತನಕ. ಬೆಟಡೈನ್‌ನಲ್ಲಿ ಅದ್ದಿದ ದಾರದಿಂದ ಹೊಕ್ಕುಳ ಕಟ್ಟಬೇಕು. ಪ್ರತಿ ಮರಿಗೂ ಸತ್ತೆ (ಮಾಸು) ಬಿತ್ತಾ ಅಂತ ಎಣಿಸಬೇಕು. ಮರಿ ಬಂದ ಮೇಲೆ ಹಸಿರು ದ್ರವ ಬಂದರೆ ಮಾಮೂಲು. ಮೊದಲ ಮರಿಗೂ ಮುಂಚೆ ಹಸಿರು ಕಂಡರೆ, ಬಟ್ಟೆ ಕೂಡ ಬದಲಾಯಿಸದೆ ಆಸ್ಪತ್ರೆಗೆ ಓಡಬೇಕು. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಬೆಳಗಾಗಲಿ ಅಂತ ಕಾದು ಮರಿಗಳನ್ನು ಕಳೆದುಕೊಳ್ಳುತ್ತಾರೆ.

ಮರಿಗಳೆಲ್ಲ ಒಂದೇ ಬಣ್ಣ, ಒಂದೇ ಮುಖ. ಅತ್ತೆಯ ಸ್ವೆಟರ್ ಹೆಣಿಗೆಯ ಉಲ್ಲನ್ ದಾರ ಕತ್ತರಿಸಿ ಕುತ್ತಿಗೆಗೆ ಸಡಿಲವಾಗಿ ಕಟ್ಟಿದೆವು: ಕೆಂಪು, ಹಸಿರು, ನೇರಳೆ. ಅಡುಗೆಮನೆಯ ತೂಕದ ಯಂತ್ರದ ಮೇಲೆ ಸ್ಟೀಲ್ ಬೋಗುಣಿ, ಅದರೊಳಗೆ ಹಳೇ ಪಂಚೆಯ ತುಂಡು. ಬೆಳಿಗ್ಗೆ ಸಂಜೆ ತೂಕ. ಮರಿಯ ತೂಕ ವಾರ, ಹತ್ತು ದಿನದಲ್ಲಿ ಎರಡರಷ್ಟು ಆಗಬೇಕು. ನೇರಳೆ ದಾರದ್ದು 360 ಗ್ರಾಂ ಇದ್ದದ್ದು ಮಾರನೇ ದಿನ 350 ಆಯಿತು. ಉಳಿದ ದಪ್ಪ ಮರಿಗಳು ಅದನ್ನು ತಳ್ಳಿಬಿಡುತ್ತಿದ್ದವು. ತಾಯಿಯ ಹಿಂಬದಿ ಮೊಲೆಗಳಲ್ಲಿ ಹಾಲು ಜಾಸ್ತಿ. ಅಲ್ಲಿ ನೇರಳೆಯನ್ನು ಹಿಡಿದು, ಬೇರೆಯವು ಬರದಂತೆ ಅಂಗೈ ಅಡ್ಡ ಇಟ್ಟುಕೊಂಡು ಕೂರುವುದೇ ನನ್ನ ಕೆಲಸವಾಯಿತು. ರಾತ್ರಿಯೂ. ನೀವು ಆಫೀಸಿಗೆ ಹೋಗುವವರಾದರೆ ಈ ಕೆಲಸ ಯಾರು ಮಾಡುತ್ತಾರೆ?

ಇನ್ನೊಂದು ಫಜೀತಿ ಬಿಸಿಲು. ಇದು ಹತ್ತೊಂಬತ್ತನೇ ಶತಮಾನದಲ್ಲಿ ಸ್ಕಾಟ್ಲೆಂಡಿನಲ್ಲಿ, ತಣ್ಣೀರಿಗೆ ಬಿದ್ದ ಬೇಟೆಯ ಹಕ್ಕಿಯನ್ನು ಕಚ್ಚಿ ತರಲು ಬೆಳೆಸಿದ ತಳಿ. ಮೈಮೇಲೆ ಎರಡು ಪದರ ಕೂದಲು. ಹುಟ್ಟಿದ ಮರಿಗಳಿಗೆ ಮೊದಲ ಎರಡು ವಾರ ಮೈ ಬಿಸಿ ಕಾಪಾಡಿಕೊಳ್ಳಲು ಬರುವುದಿಲ್ಲ, ಪೆಟ್ಟಿಗೆ 30 ಡಿಗ್ರಿ ಹತ್ತಿರ ಇರಬೇಕು. ಏಪ್ರಿಲ್‌ನಲ್ಲಿ ಆ ಬಿಸಿ ತಡೆಯದೆ ಚಿನ್ನು ಮರಿಗಳನ್ನು ಬಿಟ್ಟು ಬಚ್ಚಲಮನೆಯ ನೆಲದ ಮೇಲೆ ಚಾಚಿಕೊಂಡು ಮಲಗುತ್ತಿದ್ದಳು. (ಬೇಸಿಗೆ ಅಂತ ಗೋಲ್ಡನ್‌ಗೆ ಬೋಳು ಹೊಡೆಸುವವರಿಗೆ ಕೈ ಮುಗಿದು ಕೇಳುತ್ತೇನೆ, ಬೇಡ. ಆ ಕೂದಲು ಬಿಸಿಲನ್ನೂ ತಡೆಯುತ್ತದೆ.)

ಇಷ್ಟೆಲ್ಲ ಸುಸ್ತು ಅಷ್ಟೇ, ನಷ್ಟ ಅಲ್ಲ. ನಾನು ಕೆಟ್ಟಿದ್ದು ಅಡ್ವಾನ್ಸ್ ತೆಗೆದುಕೊಂಡು.

ಸ್ಕ್ಯಾನ್‌ನಲ್ಲಿ ಮರಿ ಇದೆ ಅಂತ ಗೊತ್ತಾದ ವಾರವೇ ವಾಟ್ಸ್ಯಾಪ್ ಸ್ಟೇಟಸ್ ಹಾಕಿದೆ. ಗುರುತಿನವರ ಗುರುತಿನವರು ಫೋನ್ ಮಾಡಿದರು. ಐದೈದು ಸಾವಿರ ಹಾಕಿ ಅಂದೆ, ಹಾಕಿದರು. ಹುಟ್ಟದ ಮರಿಗಳು ಮಾರಾಟವಾಗಿಬಿಟ್ಟಿದ್ದವು. ಆ ದುಡ್ಡು ಪರೀಕ್ಷೆಗೆ, ಔಷಧಿಗೆ, ಫ್ಯಾನಿಗೆ ಖರ್ಚಾಗಿಯೂ ಹೋಯಿತು.

ಬೆಂಗಳೂರಿನ ಒಂದು ಕುಟುಂಬಕ್ಕೆ ಮಗನ ಹುಟ್ಟುಹಬ್ಬದ ದಿನಕ್ಕೇ ಮರಿ ಬೇಕಿತ್ತು. ಆ ದಿನಕ್ಕೆ ಮರಿಗಳಿಗೆ ಆರು ವಾರ ತುಂಬುತ್ತಿತ್ತು. ಎಂಟು ವಾರಕ್ಕೆ ಮುಂಚೆ ಮರಿ ಮಾರಬಾರದು ಅಂತ 2017ರಲ್ಲಿ ಕೇಂದ್ರ ಸರ್ಕಾರ ತಂದ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳಲ್ಲೇ ಇದೆ. ನನಗೆ ಗೊತ್ತಿತ್ತು. ಆದರೆ 'ಎಲ್ಲ ಕಡೆ ಮೂವತ್ತೈದು, ನಲವತ್ತು ದಿನಕ್ಕೇ ಕೊಡ್ತಾರೆ ಮೇಡಂ, ದುಡ್ಡು ಕೊಟ್ಟಿದ್ದೀವಲ್ಲ' ಅಂದರು. ನನ್ನ ಬಾಯಿ ಕಟ್ಟಿಹೋಯಿತು.

ಅಡ್ವಾನ್ಸ್ ನನ್ನನ್ನು ಅವಸರ ಮಾಡಿಸಿತು ಅಂತ ಮಾತ್ರ ಅಂದುಕೊಳ್ಳಬೇಡಿ. ದುಡ್ಡು ಕೈಗೆ ಬಂದ ಮೇಲೆ ನಾನು ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದ್ದೆ. ಮೊದಲು ನಾಯಿ ಸಾಕಿದ್ದಿರಾ? ಅದಕ್ಕೆ ಏನಾಯಿತು? ಹಗಲು ಮನೆಯಲ್ಲಿ ಯಾರಿರುತ್ತಾರೆ? ಇವು ದುಡ್ಡು ಕೊಡದವರಿಗೆ ಸಲೀಸಾಗಿ ಕೇಳಬಹುದಾದ ಪ್ರಶ್ನೆಗಳು. ಕೊಟ್ಟವರಿಗೆ ಕೇಳಿದರೆ ಅನುಮಾನ ಪಟ್ಟ ಹಾಗೆ ಅನಿಸುತ್ತದೆ. ಕೇಳಿ, ಉತ್ತರ ಸರಿ ಇಲ್ಲ ಅನಿಸಿದರೆ ದುಡ್ಡು ವಾಪಸ್ ಕೊಡಬೇಕು. ಅದು ಆಗಲೇ ಖರ್ಚಾಗಿದೆ. ಹಾಗಾಗಿ ಕೇಳಲೇ ಇಲ್ಲ. ಮೊದಲ ಲಸಿಕೆ ಹಾಕಿಸಿ, ಎರಡು ದಿನಕ್ಕೇ ಮರಿಯನ್ನು ಕಾರಿನಲ್ಲಿ ಕೂರಿಸಿ ಕಳಿಸಿದೆ.

ಐದಾರು ದಿನಕ್ಕೆ ಫೋನ್. ವಾಂತಿ, ರಕ್ತಭೇದಿ. ಪಾರ್ವೋ. ಡ್ರಿಪ್ ಹಾಕಿದರು, ಉಳಿಯಲಿಲ್ಲ.

ಆಮೇಲೆ ಮಾತಿಗೆ ಮಾತು ಬಂದಾಗ ಹೊರಬಿತ್ತು: ಕೆಲವೇ ತಿಂಗಳ ಹಿಂದೆ ಅದೇ ಫ್ಲಾಟಿನಲ್ಲಿ ಇನ್ನೊಂದು ಮರಿ ಹೀಗೇ ವಾಂತಿ ಭೇದಿಯಾಗಿ ಸತ್ತಿತ್ತು. ಪಾರ್ವೋ ವೈರಸ್ ನೆಲದಲ್ಲಿ, ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಫಿನೈಲ್‌ಗೆ ಬಗ್ಗುವುದಿಲ್ಲ, ಬ್ಲೀಚ್ ಬೇಕು. ನಮ್ಮ ಮನೆಯಲ್ಲಿ ಉಳಿದ ಮರಿಗಳಿಗೆ ಏನೂ ಆಗಲಿಲ್ಲ. ಅಂದರೆ ಅಲ್ಲೇ ಅಂಟಿದ್ದಿರಬೇಕು. ಆದರೆ ಅವರನ್ನು ಬೈದು ಏನು ಪ್ರಯೋಜನ? ಕೇಳಿದ್ದರೆ ಹೇಳುತ್ತಿದ್ದರು. ಮುಚ್ಚಿಡುವ ಜನ ಅಲ್ಲ.

ಒಂದು ಲಸಿಕೆ ಹಾಕಿದ್ದೆವಲ್ಲ ಅಂತ ನಾನೂ ವಾದ ಮಾಡಿದ್ದೆ, ಡಾಕ್ಟರ್ ಹತ್ತಿರ. ಅವರು ಬಿಡಿಸಿ ಹೇಳಿದರು. ಗಿಣ್ಣು ಹಾಲಿನಿಂದ ಬಂದ ತಾಯಿಯ ರೋಗನಿರೋಧಕ ಶಕ್ತಿ ಆರು ವಾರದ ಹೊತ್ತಿಗೆ ಬಹಳಷ್ಟು ಇಳಿದಿರಬಹುದು. ರೋಗ ತಡೆಯುವಷ್ಟು ಉಳಿದಿರುವುದಿಲ್ಲ, ಆದರೆ ಲಸಿಕೆಯನ್ನು ಹೊಡೆದುಹಾಕುವಷ್ಟು ಉಳಿದಿರಬಹುದು. ಅದಕ್ಕೇ ಮೂರ್ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವ ತನಕ ಲಸಿಕೆ ಹಾಕಿಸುತ್ತಾ ಹೋಗುವುದು. ಆ ನಡುವಿನ ಸಮಯದಲ್ಲೇ ನಾವು ಮರಿಯನ್ನು ತಾಯಿಯಿಂದ ಬಿಡಿಸಿ, ಊರು ಬದಲಿಸಿ, ಊಟ ಬದಲಿಸಿ, ಪಾರ್ಟಿಗೆ ಬಂದ ಮಕ್ಕಳ ಕೈಯಿಂದ ಕೈಗೆ ಕೊಟ್ಟಿದ್ದೆವು. ಎರಡು ವಾರ ಇಟ್ಟುಕೊಂಡಿದ್ದರೆ ಖಂಡಿತ ಉಳಿಯುತ್ತಿತ್ತಾ? ಹಾಗೂ ಹೇಳಕ್ಕಾಗಲ್ಲ. ಆದರೆ ಹಳೇ ಮರಿಯ ವಿಷಯ ಒಂದು ಪ್ರಶ್ನೆಗೆ ಗೊತ್ತಾಗುತ್ತಿತ್ತು, ಮರಿ ಆ ಮನೆಗೆ ಹೋಗುತ್ತಲೇ ಇರಲಿಲ್ಲ.

ಪೂರ್ತಿ ದುಡ್ಡು ವಾಪಸ್ ಕೊಟ್ಟೆವು. ಸುದ್ದಿ ಅವರ ಅಪಾರ್ಟ್‌ಮೆಂಟ್ ಗ್ರೂಪಿಗೆ ಹೋಯಿತು, ಅಲ್ಲಿಂದ ಬಂದಿದ್ದ ಬೇರೆ ಬುಕಿಂಗ್‌ಗಳೂ ಬಿದ್ದುಹೋದವು. ಮಿಕ್ಕ ಮರಿಗಳು ನಾಲ್ಕು ತಿಂಗಳ ತನಕ ನಮ್ಮಲ್ಲೇ ಇದ್ದವು. ನಾಲ್ಕು ತಿಂಗಳ ಗೋಲ್ಡನ್ ಅಂದರೆ ಮರಿ ಅಲ್ಲ, ಸೋಫಾ ತಿನ್ನುವ ಪ್ರಾಣಿ. ಎಲ್ಲ ಕೂಡಿ ಕಳೆದರೆ ಕೈಯಿಂದ ಹೋದದ್ದೇ ಜಾಸ್ತಿ.

ಆಮೇಲೂ ಚಿನ್ನು ಇನ್ನೊಂದು ಸಲ ಮರಿ ಹಾಕಿದಳು, ಅವಳ ಮಗಳೂ ಹಾಕಿದ್ದಾಳೆ. ಈಗ ಅಡ್ವಾನ್ಸ್ ಒಂದು ರೂಪಾಯಿಯೂ ಇಲ್ಲ. ಹೆಸರು ಬರೆದುಕೊಳ್ಳುತ್ತೇನೆ, ಅಷ್ಟೇ. ಎಂಟು ವಾರ ತುಂಬಿದ ಮೇಲೆ ಮನೆಯವರೆಲ್ಲ ಬಂದು, ಚಪ್ಪಲಿ ಗೇಟಿನ ಹೊರಗೆ ಬಿಟ್ಟು, ಕೈ ತೊಳೆದು ಮರಿ ನೋಡಬೇಕು. 'ಸಾಕಲು ಆಗದಿದ್ದರೆ ಯಾವ ವಯಸ್ಸಿನಲ್ಲಾದರೂ ನಮಗೇ ವಾಪಸ್' ಅಂತ ಕಾಗದಕ್ಕೆ ಸಹಿ. ಒಬ್ಬ ಹಾಗೇ ಬಂದಿದ್ದಾನೆ. ಮೂರು ವರ್ಷದವನು, ಮನೆಯವರು ಕೆನಡಾಕ್ಕೆ ಹೋದರು. ಬಂದಾಗ ಕಿವಿ ತುಂಬ ಸೋಂಕು, ಬೆರಳ ಸಂದಿಯಲ್ಲೆಲ್ಲ ಉಣ್ಣಿ, ಟಿಕ್ ಫೀವರ್. ಅವನ ಔಷಧಿಗೆ ಹೋದದ್ದು, ಅವನನ್ನು ಕೊಟ್ಟಾಗ ಬಂದದ್ದಕ್ಕಿಂತ ಹೆಚ್ಚು. ನೀವು ಮರಿ ಹಾಕಿಸಿ ಐದು ವರ್ಷವಾದ ಮೇಲೆ ಎರಡು ಗೋಲ್ಡನ್ ವಾಪಸ್ ಬಂದರೆ ನಿಮ್ಮ ಫ್ಲಾಟಿನಲ್ಲಿ ಎಲ್ಲಿ ಮಲಗಿಸುತ್ತೀರಿ? ಎಂಟು ಇಂಟು ಇಪ್ಪತ್ತಕ್ಕಿಂತ ಮುಂಚೆ ಈ ಲೆಕ್ಕ ಹಾಕಿ.

ಇನ್ನು 'ಒಂದು ಸಲ ಮರಿ ಹಾಕಿದರೆ ಆರೋಗ್ಯಕ್ಕೆ ಒಳ್ಳೆಯದು' ಅನ್ನುವುದು ಸುಮ್ನೆ ಮಾತು. ಹಾಕದಿದ್ದರೆ ಅವಳಿಗೆ ಯಾವ ಕೊರಗೂ ಇಲ್ಲ. ಹೆಣ್ಣು ನಾಯಿಗೆ ನಿಜವಾದ ಭಯ ಪಯೋಮೆಟ್ರಾ, ಅಂದರೆ ಗರ್ಭಕೋಶದಲ್ಲಿ ಕೀವು. ಅದಕ್ಕೆ ಪರಿಹಾರ ಮರಿ ಹಾಕಿಸುವುದಲ್ಲ, ಮರಿ ಆಗದಂತೆ ಮಾಡಿಸುವ ಆಪರೇಷನ್. ಗೋಲ್ಡನ್‌ಗಳಿಗೆ ತೀರಾ ಚಿಕ್ಕ ವಯಸ್ಸಿನಲ್ಲಿ ಮಾಡಿಸಿದರೆ ಕೀಲಿನ ತೊಂದರೆ ಹೆಚ್ಚು ಅಂತ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ್ದರು. ನಿಮ್ಮವಳಿಗೆ ಎರಡು ತುಂಬಿದೆ, ಆ ಚಿಂತೆ ಬಹುತೇಕ ಕಳೆದಿದೆ. ನನ್ನ ಕೇಳಿದರೆ, ಡಾಕ್ಟರ್ ಹತ್ತಿರ ಮಾತಾಡಿ ಆಪರೇಷನ್ ಮಾಡಿಸಿ, ಅವಳ ಜೊತೆ ಕಬ್ಬನ್ ಪಾರ್ಕಿಗೆ ವಾಕಿಂಗ್ ಹೋಗಿ.

ಇಲ್ಲ, ಮಾಡಿಯೇ ತೀರುತ್ತೇನೆ ಅನ್ನುವುದಾದರೆ ಆದಾಯದ ಮಾತು ಬಿಡಿ. ಮೊದಲು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಬ್ರೀಡರ್ ಅಂತ ನೋಂದಣಿ ಮಾಡಿಸಿ. ಮನೆಯಲ್ಲಿ ಒಂದೇ ನಾಯಿ ಇದೆ ಅಂತ ನಿಯಮ ನಿಮ್ಮನ್ನು ಬಿಡುವುದಿಲ್ಲ. ಅದರ ಪ್ರಕಾರ ಹೆಣ್ಣಿಗೆ ಹದಿನೆಂಟು ತಿಂಗಳು ತುಂಬಿರಬೇಕು, ಎಂಟು ವರ್ಷ ದಾಟಿರಬಾರದು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಇಲ್ಲ. ಸೊಂಟ ಮತ್ತು ಮೊಣಕೈ ಎಕ್ಸ್‌ರೇ ಮಾಡಿಸಿ. 'ಚೆನ್ನಾಗಿ ಓಡ್ತಾಳೆ' ಅನ್ನುವುದು ಎಕ್ಸ್‌ರೇ ಅಲ್ಲ, ಹಿಪ್ ಡಿಸ್‌ಪ್ಲಾಸಿಯಾ (ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ) ಇರುವ ನಾಯಿಗಳೂ ಎರಡು ವರ್ಷಕ್ಕೆ ಕುಣಿದಾಡುತ್ತಿರುತ್ತವೆ. ಕಣ್ಣು, ಹೃದಯ ನೋಡಿಸಿ. ಎರಡೂ ನಾಯಿಗೆ ಬ್ರುಸೆಲ್ಲಾ (ಗಬ್ಬ ಇಳಿಸುವ ಬ್ಯಾಕ್ಟೀರಿಯಾ) ರಕ್ತಪರೀಕ್ಷೆ ಮಾಡಿಸಿ, ಅದು ಮನುಷ್ಯರಿಗೂ ಅಂಟುತ್ತದೆ. ಗಂಡಿನ ಅಪ್ಪ ಅಮ್ಮ ಎಷ್ಟು ವರ್ಷ ಬದುಕಿದರು, ಯಾವುದರಿಂದ ಹೋದರು ಅಂತಲೂ ಕೇಳಿ. ಈ ತಳಿಯನ್ನು ಕ್ಯಾನ್ಸರ್ ಎಷ್ಟು ಕಾಡುತ್ತದೆ ಅಂದರೆ, ಅಮೆರಿಕದ ಮಾರಿಸ್ ಅನಿಮಲ್ ಫೌಂಡೇಶನ್ 2012ರಲ್ಲಿ ಶುರು ಮಾಡಿ ಮೂರು ಸಾವಿರಕ್ಕೂ ಹೆಚ್ಚು ಗೋಲ್ಡನ್‌ಗಳನ್ನು ಜೀವನಪೂರ್ತಿ ಗಮನಿಸುವ ಅಧ್ಯಯನ ಮಾಡುತ್ತಿದೆ. ಕೆಸಿಐ (ಕೆನೆಲ್ ಕ್ಲಬ್ ಆಫ್ ಇಂಡಿಯಾ) ಸರ್ಟಿಫಿಕೇಟ್ ಇದೆ ಅಂದಮಾತ್ರಕ್ಕೆ ಇದೆಲ್ಲ ಸರಿ ಇದೆ ಅಂತ ಅಲ್ಲ, ಅದು ವಂಶಾವಳಿಯ ಕಾಗದ ಮಾತ್ರ.

ಸಿಸೇರಿಯನ್‌ಗೆ ದುಡ್ಡು ಪಕ್ಕಕ್ಕೆ ಇಡಿ, ರಾತ್ರಿ ಬಾಗಿಲು ತೆಗೆಯುವ ಆಸ್ಪತ್ರೆ ಯಾವುದು ಅಂತ ಈಗಲೇ ತಿಳಿದುಕೊಳ್ಳಿ. ಗಂಡು ನಾಯಿ ಎಲ್ಲಿ ಸಿಗುತ್ತೆ ಅಂತಲೂ ಕೇಳಿದ್ದೀರಿ. ಅದನ್ನು ಎಕ್ಸ್‌ರೇ ರಿಪೋರ್ಟ್ ಕೈಗೆ ಬಂದ ಮೇಲೆ ಕೇಳಿ, ಆಗ ಹೇಳುತ್ತೇನೆ. ಈಗ ಹೇಳಲ್ಲ.